ಗ್ವಾದಲಿಗೆ ಎರಡು ಎತ್ತು

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲದಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟಳು. ಚಿತ್ರಕಲೆಯ ತರಗತಿಗೆ ಕ್ರಿಸ್‌ಮಸ್ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಗೊಂಬೆಗಳನ್ನು ಮಣ್ಣಿನಲ್ಲಿ ಮಾಡಿ ತರಬೇಕಂತೆ. ಒಬ್ಬೊಬ್ಬರಿಗೆ ಒಂದೊಂದು. ಅವಳ ಪಾಲಿಗೆ ಬಂದದ್ದು ಎತ್ತು. ಅಂಗಡಿಯಿಂದ ತಂದ ಬಣ್ಣದ ಮಣ್ಣಿನ ಪಾಕೀಟು ಬಿಚ್ಚಿದರೆ ಹೊಸ ಚಪ್ಪಲಿಯ ವಾಸನೆ. ಇದು ಮಣ್ಣೇ ಅಲ್ಲ ಎಂದುಕೊಂಡು ಬಾಲ್ಕನಿಯ ದಾಸವಾಳದ ಕುಂಡದಿಂದ ಒಂದು ಹಿಡಿ ತೆಗೆದೆ. ತವರಿನ ಹೊಲದಿಂದ ತಂದು ಹಾಕಿದ ಎರೆಮಣ್ಣು ಅದು. ಮೇಲೆ ನಾಲ್ಕು ಹನಿ ನೀರು ಬಿದ್ದದ್ದೇ ತಡ, ವಾಸನೆ ಎದ್ದು ಮೂಗಿಗೆ ಬಂತು. ಅದರ ಬೆನ್ನಿಗೇ ಒಂದು ಹಳೆಯ ಅಂಜಿಕೆ. ಐವತ್ತು ವರ್ಷವಾಗುತ್ತ ಬಂದರೂ ಅದು ಇನ್ನೂ ನನ್ನೊಳಗೇ ಕುಳಿತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗ ನಾನು ಏಳನೆಯ ಇಯತ್ತೆ. ನಮ್ಮದು ನವಲಗುಂದ ತಾಲೂಕಿನ ಕರಿನೆಲದ ಹಳ್ಳಿ. ಊರಿಂದ ಎರಡು ಮೈಲು ದೂರದಲ್ಲಿ, ಅಣ್ಣಿಗೇರಿಗೆ ಹೋಗುವ ದಾರಿಯ ಕಡೆ, ಸಿಸ್ಟರುಗಳು ಒಂದು ಶಾಲೆ ನಡೆಸುತ್ತಿದ್ದರು. ನನ್ನನ್ನು ಅಲ್ಲಿಗೆ ಹಾಕಿದ್ದು ಅಪ್ಪ ಅಲ್ಲ, ಕಾಕಾ. ‘ಹುಡಿಗಿ ಇಂಗ್ಲೀಷ್ ಕಲೀಲಿ ಅಣ್ಣಾ, ದಿನಾ ನಾ ಒಯ್ದು ಬಿಡ್ತೀನಿ’ ಎಂದು ಹಟ ಹಿಡಿದು ಸೇರಿಸಿದ್ದ. ಹೇಳಿದ ಹಾಗೆಯೇ ದಿನಾ ಬೆಳಿಗ್ಗೆ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ. ಹಿಂಗಾರಿನ ಮಳೆಗೆ ದಾರಿ ಕೆಸರಾಗಿದ್ದರೆ ನಾವಿಬ್ಬರೂ ಇಳಿದು ಕಡಲೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆವು. ಕಡಲೆ ಗಿಡದ ಎಲೆಯ ಮೇಲಿನ ಹುಳಿನೀರು ತಾಗಿ ಕಾಲಿನ ಗೀರುಗಾಯ ಚುರುಚುರು ಎನ್ನುತ್ತಿತ್ತು. ಬಿಳಿ ಕಾಲುಚೀಲ ಹಳದಿಯಾಗುತ್ತಿತ್ತು. ಶಾಲೆಯ ಬಾಗಿಲಲ್ಲಿ ಅದನ್ನು ಮಡಿಚಿ ಒಳಗೆ ಹೋಗುವುದೇ ನನ್ನ ದಿನದ ಮೊದಲ ಅಂಜಿಕೆ.

ಅಂಜಿಕೆಗಳಿಗೇನು ಕಡಿಮೆ ಇರಲಿಲ್ಲ. ಶಾಲೆಯಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ಕಟ್ಟಿಗೆಯ ಒಂದು ಬಿಲ್ಲೆಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕುತ್ತಿದ್ದರು. ಹಾಗಾಗಿ ನಾನು ಮೂರು ವರ್ಷ ಹೆಚ್ಚಾಗಿ ಎರಡೇ ಮಾತಿನಲ್ಲಿ ಕಳೆದೆ: ‘ಎಸ್ ಸಿಸ್ಟರ್’, ‘ನೋ ಸಿಸ್ಟರ್’. ಅದರಲ್ಲೂ ಎರಡನೆಯದಕ್ಕೆ ಧೈರ್ಯ ಬೇಕಾಗುತ್ತಿತ್ತು.

ಆ ವರ್ಷ ಚಿತ್ರಕಲೆಗೆ ಮಂಗಳೂರ ಕಡೆಯ ಸಿಸ್ಟರ್ ಲೂಸಿ ಬಂದಿದ್ದರು. ತೆಳ್ಳಗಿನ, ಸದಾ ಬೆರಳಿಗೆ ಬಣ್ಣ ಮೆತ್ತಿಕೊಂಡಿರುತ್ತಿದ್ದ ಹೆಣ್ಣುಮಗಳು. ಡಿಸೆಂಬರ್ ಹತ್ತಿರ ಬಂದಾಗ, ಈ ಸಲ ಗೋದಲಿಯ ಗೊಂಬೆಗಳನ್ನು ಏಳನೆಯ ವರ್ಗದ ಹುಡುಗಿಯರೇ ಮಾಡಬೇಕು, ವಾರ್ಷಿಕ ಪರೀಕ್ಷೆಯ ಕೈಕೆಲಸದ ಅಂಕ ಇದಕ್ಕೇ, ಕ್ರಿಸ್‌ಮಸ್‌ನ ಹಿಂದಿನ ದಿನ ಎಲ್ಲರ ಮನೆಯವರೂ ನೋಡಲು ಬರುತ್ತಾರೆ ಎಂದು ಹೇಳಿದರು. ಚೀಟಿ ಎತ್ತಿಸಿದರು. ಪೋಸ್ಟ್ ಮಾಸ್ತರರ ಮಗಳು ವಿಮಲಾಳಿಗೆ ಕತ್ತೆ ಬಂತು. ಹಿಂದಿನ ಬೆಂಚಿನಿಂದ ಯಾರೋ ‘ಕನ್ನಡಿ ನೋಡ್ಕೊಂಡು ಮಾಡು’ ಎಂದು ಪಿಸುಗುಟ್ಟಿದರು. ಅವಳು ಅತ್ತೇಬಿಟ್ಟಳು. ನನಗೆ ಎತ್ತು. ಎತ್ತು ಮಾಡುವುದು ನನಗೆ ಗೊತ್ತಿತ್ತು. ಮೊದಲ ಸಲ ಆ ಶಾಲೆಯಲ್ಲಿ ನನಗೆ ಗೊತ್ತಿದ್ದದ್ದೊಂದನ್ನು ಕೇಳಿದ್ದರು.

ಮನೆಗೆ ಬಂದವಳೇ ಆಯಿಯ ಬಳಿ ಓಡಿದೆ. ಆಯಿ ಎಂದರೆ ಅಪ್ಪನ ತಾಯಿ. ಮಣ್ಣೆತ್ತಿನ ಅಮಾವಾಸ್ಯೆಗೆ ಇಡೀ ಓಣಿಗೆ ಎತ್ತು ಮಾಡಿಕೊಡುತ್ತಿದ್ದವಳು ಅವಳೇ. ಎತ್ತಿನ ಜೋಡಿ, ಅವುಗಳ ಮುಂದೆ ಮೇವು ತಿನ್ನಲು ಪುಟ್ಟ ಗ್ವಾದಲಿ. ಅವಳ ಬೆರಳಿನಲ್ಲಿ ಅವು ಸುಮ್ಮನೆ ಬೆಳೆಯುತ್ತಿದ್ದವು.

‘ಆಯಿ, ನಮ್ಮ ಸಾಲ್ಯಾಗ ಗ್ವಾದಲಿ ಮಾಡ್ತಾರ. ಯೇಸು ಸ್ವಾಮಿ ಗ್ವಾದಲ್ಯಾಗ ಹುಟ್ಟಿದ್ನಂತ. ನನಗ ಎತ್ತು ಮಾಡ್ಕೊಂಡ್ ಬಾ ಅಂದಾರ.’

ಆಯಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ‘ಗ್ವಾದಲ್ಯಾಗ ಹುಟ್ಟಿದ್ನನ? ಹಂಗಾರ ಒಕ್ಕಲುತನದ ಮನ್ಯಾಂವನ ಇರ್ಬೇಕು ತಗೋ.’

‘ಅಲ್ಲ ಆಯಿ, ಬಡಿಗ್ಯಾರ ಮನಿಯಂವ.’

‘ಬಡಿಗ್ಯಾರಂದ್ರ ನಮ್ಮ ಕುಂಟಿ ಕೂರಿಗಿ ಮಾಡಿಕೊಡೋರಲ್ಲೇನು? ಎಲ್ಲಾ ಒಂದ ಆತು. ಎಷ್ಟು ಎತ್ತು ಬೇಕಂತ?’

‘ಒಂದ.’

ಆಯಿಯ ಕೈ ನಿಂತಿತು. ತೊಡೆಯ ಮೇಲೆ ಅರ್ಧ ಹೊಸೆದ ಬತ್ತಿ ಹಾಗೆಯೇ ಬಿಚ್ಚಿಕೊಂಡಿತು.

‘ಒಂಟೆತ್ತು ಯಾರ್ ಮಾಡ್ತಾರಬೇ? ಹಂಗ ಮಾಡಬಾರ್ದು. ಮಾಡಿದ ಮನ್ಯಾಗಿನ ಜೋಡಿ ಮುರೀತೈತಿ ಅಂತಾರ. ಎರಡು ಮಾಡು, ಎರಡೂ ಒಯ್ದು ಕೊಡು. ನಿಮ್ಮ ಸಿಸ್ಟರ್ ಏನ್ ಒಲ್ಲೆ ಅಂತಾಳ?’

ಮಣ್ಣು ಹಳ್ಳದಿಂದ ತಂದೆ. ಎರೆಮಣ್ಣಿನ ಗುಣ ನೋಡಿ, ಹಸಿ ಇದ್ದಾಗ ಬೆಣ್ಣೆ, ಒಣಗುವಾಗ ಹಟಮಾರಿ. ಮೊದಲು ಮಾಡಿದ್ದು ಮರುದಿನ ಮುಂಜಾನೆಗೆ ಬೆನ್ನಿನ ಮೇಲೆ ಉದ್ದಕ್ಕೂ ಬಿರಿದಿತ್ತು. ‘ಹತ್ತಿ ಕೂಡ್ಸಲಿಲ್ಲೇನು?’ ಎಂದು ಬೈದು ಆಯಿ ಮಣ್ಣಿಗೆ ಹತ್ತಿ ಹಿಂಜಿ ಹಾಕಿ, ಕಲ್ಲಿನ ಮೇಲೆ ಕುಟ್ಟಿ ಕುಟ್ಟಿ, ಕೈಗೆ ಅಂಟದ ಹಾಗೆ ಹದ ಮಾಡಿಕೊಟ್ಟಳು. ಕಾಲಿನೊಳಗೆ ಜೋಳದ ದಂಟಿನ ಸಿಬಿರು. ಕಣ್ಣಿಗೆ ಗುಲಗಂಜಿ. ನಾನು ಮಾಡಿದ್ದು ಸುಮ್ಮನೆ ಎತ್ತುಗಳಲ್ಲ, ನಮ್ಮ ಮನೆಯ ಎತ್ತುಗಳು: ಬಸ್ಯಾ ಮತ್ತು ಮಲ್ಯಾ. ಬಸ್ಯಾನ ಬೆನ್ನ ಮೇಲಿನ ಹಿಣಿಲು ಒಂದು ಕಡೆ ವಾಲಿತ್ತು. ಮಲ್ಯಾನ ಬಲಗೋಡಿನ ತುದಿ ಮುರಿದಿತ್ತು. ಅದನ್ನು ಮೊದಲು ಪೂರ್ತಿ ಮಾಡಿ, ಆಮೇಲೆ ತುದಿಯನ್ನು ಉಗುರಿನಿಂದ ಚಿವುಟಿ ತೆಗೆದೆ. ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಒಣಗಿಸಿದೆವು. ಶಾಲೆಯಿಂದ ಬಂದ ಕೂಡಲೇ ಬಟ್ಟೆ ಎತ್ತಿ ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಮತ್ತೆ ಮುಚ್ಚುವುದು. ನಾಲ್ಕನೆಯ ದಿನ ಆಯಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ‘ಆತು, ಇನ್ನ ಹೂಡಬಹುದು’ ಎಂದು ನಕ್ಕಳು.

ಎರಡನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಾಕಾನ ಸೈಕಲ್ಲಿನ ಹಿಂದೆ ಮಡಿಲಲ್ಲಿಟ್ಟುಕೊಂಡು, ಪ್ರತಿ ತಗ್ಗಿಗೂ ಉಸಿರು ಹಿಡಿದು ಶಾಲೆಗೆ ಒಯ್ದೆ. ಸಿಸ್ಟರ್ ಲೂಸಿ ಮಲ್ಯಾನನ್ನು ಅಂಗೈಯ ಮೇಲೆ ನಿಲ್ಲಿಸಿ ತಿರುಗಿಸಿ ತಿರುಗಿಸಿ ನೋಡಿದರು. ‘ವಂಡರ್‌ಫುಲ್’ ಎಂದರು. ಆಮೇಲೆ ಬಸ್ಯಾನನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಗೋದಲಿಗೆ ಒಂದೇ ಎತ್ತು ಸಾಕು, ಇನ್ನೊಂದು ಬದಿಗೆ ಕತ್ತೆ ಇರುತ್ತದೆ, ಇದನ್ನು ಮನೆಯಲ್ಲಿಟ್ಟುಕೋ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಒಂಟೆತ್ತು ಇಡಬಾರದು ಎಂದು ಹೇಳಬೇಕಿತ್ತು. ಬಾಯಲ್ಲಿ ವಾಕ್ಯ ಕೂಡಿಸಿದೆ, ಅದು ಕೂಡಲಿಲ್ಲ. ಒಂಟಿ ಎನ್ನುವುದಕ್ಕೆ ಏನೆನ್ನುತ್ತಾರೆ, ಜೋಡಿ ಮುರಿಯುತ್ತದೆ ಎನ್ನುವುದನ್ನು ಹೇಗೆ ಹೇಳುತ್ತಾರೆ? ನನ್ನ ಹಿಂದೆ ಇಪ್ಪತ್ತು ಹುಡುಗಿಯರು ತಮ್ಮ ತಮ್ಮ ಗೊಂಬೆ ಹಿಡಿದು ನಿಂತಿದ್ದರು.

‘ಎಸ್ ಸಿಸ್ಟರ್’ ಎಂದೆ.

ಆಯಿಗೆ ಹೇಳುವ ಧೈರ್ಯವಾಗಲಿಲ್ಲ. ‘ಕೊಟ್ಟಿ?’ ಎಂದು ಕೇಳಿದಳು, ‘ಹೂಂ, ಕೊಟ್ಟೆ’ ಎಂದೆ. ಬಸ್ಯಾನನ್ನು ನನ್ನ ಟ್ರಂಕಿನಲ್ಲಿ, ಚಳಿಗಾಲ ಕಳೆದ ಮೇಲೆ ಮಾತ್ರ ತೆಗೆಯುವ ತೆಳು ಬಟ್ಟೆಗಳ ಕೆಳಗೆ ಇಟ್ಟೆ.

ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಅಪ್ಪ ಮತ್ತು ಕಾಕಾನ ಧ್ವನಿ ಏರಿತು. ಹಳ್ಳದ ದಂಡೆಯ ಹೊಲಕ್ಕೆ ಮುಂದಿನ ಸಲ ಹೈಬ್ರಿಡ್ ಹತ್ತಿ ಹಾಕೋಣ ಎನ್ನುವುದು ಕಾಕಾನ ಮಾತು. ಅದು ಜೋಳದ ಹೊಲ, ಮನೆಯ ರೊಟ್ಟಿ ಬರುವುದು ಅಲ್ಲಿಂದ ಎನ್ನುವುದು ಅಪ್ಪನ ಮಾತು. ಈ ಮಾತು ಹೊಸದಲ್ಲ. ಆದರೆ ಆ ದಿನ ಕಾಕಾ ಎದ್ದು ನಿಂತ.

‘ನಾ ಏನ್ ಹೇಳಿದ್ರೂ ನಿನಗ ಹುಡುಗಾಟ ಅಣ್ಣಾ. ಹಂಗಾರ ಬ್ಯಾರೆ ಆಗೂಣು. ನನ್ನ ಪಾಲಿನ ಹೊಲದಾಗ ನಾ ಏನರೆ ಬಿತ್ಕೊಂತೀನಿ.’

‘ಆಗು’ ಎಂದ ಅಪ್ಪ. ‘ಹಿಡದೋರ್ ಯಾರು?’

ಅಡುಗೆ ಮನೆಯಲ್ಲಿ ಅವ್ವ ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ನಿಂತಿತು. ಚಿಗವ್ವ, ಕಾಕಾನ ಹೆಂಡತಿ, ಒಲೆಯ ಮುಂದೆ ಕುಳಿತವಳು ಒಲೆಯನ್ನೇ ನೋಡುತ್ತಿದ್ದಳು. ಹಂಚಿನ ಮೇಲೆ ಒಂದು ರೊಟ್ಟಿ ಸೀದು ಕರಕಾಯಿತು, ಯಾರೂ ತೆಗೆಯಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು, ಮುಂಜಾನೆ ಹತ್ತು ಗಂಟೆಗೆ ನಾನು ಹೇಳಿದ ಎರಡು ಶಬ್ದಗಳನ್ನು ನೆನೆಸಿಕೊಂಡೆ. ಸಂಜೆಗೆ ಫಲ ಬಂದಿತ್ತು. ಆಯಿ ಹೇಳಿದ್ದು ಒಂದು ದಿನವೂ ತಡಮಾಡಿರಲಿಲ್ಲ.

ಅಲ್ಲಿಂದ ಮುಂದೆ ನಾನು ಮನೆಯನ್ನು ರೋಗಿಯನ್ನು ನೋಡಿದ ಹಾಗೆ ನೋಡತೊಡಗಿದೆ. ಅಪ್ಪ ಮತ್ತು ಕಾಕಾ ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಉಣ್ಣುತ್ತಿದ್ದರು. ಮೂರನೆಯ ದಿನ ಚಿಗವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ‘ನೀರ್ ಕಾಸಾಕಬೇ’ ಎಂದಳು ನನಗೆ, ಆದರೆ ಅದರ ಮೇಲೆ ಸಾರಿನ ಗಡಿಗೆ ಇತ್ತು. ಕಾಕಾ ದಿನಾ ನನ್ನನ್ನು ಶಾಲೆಗೆ ಬಿಡುತ್ತಿದ್ದ, ಆದರೆ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದವನು ಈಗ ಬರೀ ಪೆಡಲ್ ತುಳಿಯುತ್ತಿದ್ದ. ಒಂದು ಮುಂಜಾನೆ ಅವ್ವ ಜಡೆ ಹಾಕುತ್ತ ಮೆಲ್ಲಗೆ ಹೇಳಿದಳು: ‘ಕಾಕಾ ಬ್ಯಾರೆ ಆದ್ರ ನಿನ್ನ ಸಾಲಿಗೆ ಯಾರ್ ಬಿಡ್ಬೇಕು? ನಿಮ್ಮಪ್ಪ ಏಳನೇತ್ತಿಗೆ ಸಾಕಂತಾನ.’ ಹೇಳುತ್ತ ಹೇಳುತ್ತ ಅವಳ ಕೈ ಬಿಗಿಯಾಗಿ, ಜಡೆ ಎಳೆದು ನನ್ನ ಕಣ್ಣಲ್ಲಿ ನೀರು ಬಂತು. ಜಡೆಯಿಂದಲೇ ಬಂತು ಎಂದುಕೊಂಡೆ.

ಎಲ್ಲಕ್ಕಿಂತ ಕೆಟ್ಟದ್ದು ಒಂದು ಸಂಜೆ ಕಂಡಿತು. ದನದ ಮನೆಯಲ್ಲಿ ಬಸ್ಯಾ ಒಬ್ಬನೇ ನಿಂತಿದ್ದ. ಮಲ್ಯಾನನ್ನು ಕಾಕಾ ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ್ದ. ಕಾಲಿನ ಗೊರಸಿಗೆ ಏನೋ ಔಷಧ ಹಚ್ಚಲು ಕಟ್ಟಿದ್ದನಂತೆ, ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಕಂಡದ್ದು ಇಷ್ಟೇ: ಒಬ್ಬ ಇಲ್ಲಿ, ಒಬ್ಬ ಅಲ್ಲಿ. ಮಣ್ಣಿನ ಬಸ್ಯಾ ಟ್ರಂಕಿನಲ್ಲಿ, ಮಣ್ಣಿನ ಮಲ್ಯಾ ಶಾಲೆಯಲ್ಲಿ. ಬಸ್ಯಾ ಗ್ವಾದಲಿಯ ಮೇವಿಗೆ ಬಾಯಿ ಹಾಕದೆ ಹಿತ್ತಲ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

ಮರುದಿನ ಬುತ್ತಿಯ ಡಬ್ಬಿಯಿಂದ ರೊಟ್ಟಿ ತೆಗೆದು ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಅರಳೆ ಹಾಸಿ ಬಸ್ಯಾನನ್ನು ಮಲಗಿಸಿದೆ. ಮಧ್ಯಾಹ್ನ ಎಲ್ಲರೂ ಶಾಲೆಯ ಬೇವಿನ ನೆರಳಿನಲ್ಲಿ ಉಣ್ಣುತ್ತಿದ್ದಾಗ ಗೋದಲಿ ಕಟ್ಟುತ್ತಿದ್ದ ಹಾಲ್‌ನ ಬಾಗಿಲು ಸರಿಸಿ ಒಳಗೆ ಹೋದೆ. ಗೋದಲಿ ಅರ್ಧ ಸಿದ್ಧವಾಗಿತ್ತು. ಜೋಳದ ಕಣಕಿಯ ಗುಡಿಸಲು, ಹುಲ್ಲು, ಬಣ್ಣದ ಕಾಗದದ ಬೆಟ್ಟ. ಮಗು ಇನ್ನೂ ಬಂದಿರಲಿಲ್ಲ. ಅದು ಹಬ್ಬದ ದಿನವೇ ಬರುವುದಂತೆ. ಮಲ್ಯಾ ಖಾಲಿ ತೊಟ್ಟಿಲಿನ ಒಂದು ಬದಿಗೆ ನಿಂತಿದ್ದ, ವಿಮಲಾಳ ಕತ್ತೆ ಇನ್ನೊಂದು ಬದಿಗೆ. ನಾನು ಗುಡಿಸಲಿನ ಹಿಂದಿನಿಂದ ಕೈ ಚಾಚಿ, ಹುಲ್ಲು ಸರಿಸಿ, ಬಸ್ಯಾನನ್ನು ಮಲ್ಯಾನ ಪಕ್ಕ ನಿಲ್ಲಿಸಿದೆ. ಒಂದು ಕಣ್ಣಿನ ಗುಲಗಂಜಿ ಉದುರಿ ಹುಲ್ಲಿನಲ್ಲಿ ಬಿತ್ತು. ಅದನ್ನು ಹುಡುಕುತ್ತಿದ್ದಾಗ ಬೆನ್ನ ಹಿಂದೆ ಸಿಸ್ಟರ್ ಲೂಸಿಯ ಧ್ವನಿ. ಇದೇನು ಮಾಡುತ್ತಿದ್ದೀ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಾಯಿ ತೆರೆದೆ. ಬಂದದ್ದು ಕನ್ನಡ, ಅದೂ ಅಳುವಿನ ಜೊತೆಗೆ. ‘ಒಂಟೆತ್ತು ಇಡಬಾರ್ದ್ರಿ ಸಿಸ್ಟರ್...’

ಹೇಳಿದವಳೇ ಬಾಯಿ ಮುಚ್ಚಿಕೊಂಡು ಬಿಲ್ಲೆಗಾಗಿ ಕೊರಳು ತಗ್ಗಿಸಿದೆ. ಸಿಸ್ಟರ್ ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ನೆಲದ ಮೇಲೆ ನನ್ನ ಎದುರು ಕುಳಿತರು.

‘ಈಗ ಕನ್ನಡದಲ್ಲಿಯೇ ಹೇಳು. ಬಿಲ್ಲೆ ಹಾಕುವವರು ಇಲ್ಲಿ ಯಾರೂ ಇಲ್ಲ.’

ಎಲ್ಲ ಹೇಳಿದೆ. ಆಯಿಯ ಮಾತು, ನನ್ನ ‘ಎಸ್ ಸಿಸ್ಟರ್’, ಕರಕಾದ ರೊಟ್ಟಿ, ಮೂರು ಕಲ್ಲಿನ ಒಲೆ, ಬೇವಿನ ಗಿಡಕ್ಕೆ ಕಟ್ಟಿದ ಮಲ್ಯಾ. ಅವರು ನಗಲಿಲ್ಲ. ನಕ್ಕಿದ್ದರೆ ಎದ್ದು ಓಡಿಹೋಗುತ್ತಿದ್ದೆ.

‘ಒಂದು ಕೇಳ್ತೇನೆ’ ಎಂದರು. ‘ಈ ಕಥೆಯಲ್ಲಿ ಮಗು ಕೊಟ್ಟಿಗೆಯಲ್ಲಿ ಯಾಕೆ ಹುಟ್ಟಿತು?’

‘ಛತ್ರದಾಗ ಜಾಗ ಇಲ್ಲಂದ್ರಂತ್ರಿ.’

‘ಹೌದಲ್ಲ. ಜಾಗ ಇಲ್ಲ ಅಂತ ಹೇಳಿದವನೊಬ್ಬ ಈ ಕಥೆಯಲ್ಲಿ ಮೊದಲೇ ಇದ್ದಾನೆ. ಇನ್ನೊಬ್ಬಳು ಬೇಡ. ಇರಲಿ ನಿನ್ನ ಎತ್ತು.’ ಹುಲ್ಲಿನಲ್ಲಿ ಬೆರಳಾಡಿಸಿ ಗುಲಗಂಜಿಯನ್ನು ಹುಡುಕಿ, ಗೋಂದು ಹಚ್ಚಿ, ಬಸ್ಯಾನ ಕಣ್ಣನ್ನು ಅವರೇ ಕೂರಿಸಿದರು. ಎದ್ದು ನಿಂತ ಮೇಲೆ, ‘ಆದರೆ ಸುಮಿತ್ರಾ, ನಿಮ್ಮ ಮನೆಯದ್ದು ನನ್ನ ಕೈಯಲ್ಲಿ ಇಲ್ಲ. ನಿನ್ನ ಕೈಯಲ್ಲಿಯೂ ಇಲ್ಲ’ ಎಂದರು.

ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಅದರಿಂದಲೇ ಹೆಚ್ಚು ದಿಗಿಲಾಯಿತು. ನನ್ನ ತಪ್ಪಾಗಿದ್ದರೆ ತಿದ್ದಬಹುದಿತ್ತು. ಯಾರ ಕೈಯಲ್ಲಿಯೂ ಇಲ್ಲ ಎಂದರೆ?

ಕ್ರಿಸ್‌ಮಸ್‌ನ ಹಿಂದಿನ ದಿನ ಮಧ್ಯಾಹ್ನ ಮನೆಯವರನ್ನು ಕರೆದಿದ್ದರು. ಅಪ್ಪನಿಗೆ ಬರುವ ಮನಸ್ಸಿರಲಿಲ್ಲ. ಆಯಿ, ‘ನಾ ಹದಾ ಮಾಡಿದ ಮಣ್ಣು, ನಾ ನೋಡ್ಬೇಕು, ಚಕ್ಕಡಿ ಹೂಡು’ ಎಂದು ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ನಿಂತುಬಿಟ್ಟಳು. ಬಸ್ಯಾ ಮಲ್ಯಾ ಎಳೆದ ಚಕ್ಕಡಿಯಲ್ಲಿ ಅವರು ಬಂದರು. ಕಾಕಾ ಬರುವುದಾಗಿ ನನಗೆ ಮಾತು ಕೊಟ್ಟಿದ್ದ, ಆದರೆ ಚಕ್ಕಡಿಯಲ್ಲಿ ಅವನಿರಲಿಲ್ಲ. ನಾನು ಶಾಲೆಯ ಬಾಗಿಲಿಗೂ ಹಾಲ್‌ಗೂ ನಾಲ್ಕು ಸಲ ಓಡಾಡಿದೆ. ಐದನೆಯ ಸಲ ನೋಡಿದರೆ ಕಾಕಾ ಬೇವಿನ ಗಿಡಕ್ಕೆ ಸೈಕಲ್ ಒರಗಿಸುತ್ತಿದ್ದ. ಅಂಗಿಯ ತುಂಬ ಹತ್ತಿಯ ಎಳೆ, ಅಣ್ಣಿಗೇರಿಯ ಹತ್ತಿ ಪೇಟೆಯಿಂದ ನೇರ ಬಂದಿದ್ದ.

ಒಳಗೆ ಆಯಿ ಗೋದಲಿಯ ಮುಂದೆ ಕುಳಿತೇಬಿಟ್ಟಿದ್ದಳು. ‘ಎಲ್ಲಾ ಚಲೋ ಆಗೇತಿ. ಈ ನಾಯಿ ಯಾಕ ಇಟ್ಟಾರ?’

‘ನಾಯಿ ಅಲ್ಲರಿ ಅಮ್ಮಾರ, ಕತ್ತಿರಿ’ ಎಂದಳು ವಿಮಲಾ, ಅಳುವ ಹಾಗೆ.

‘ಕತ್ತೀನ? ಇರ್ಲಿ ಬಿಡವ್ವಾ, ಚಳ್ಯಾಗ ಕಿವಿ ಮುದುಡಿರ್ಬೇಕು.’

ಅಪ್ಪ ಆಯಿಯ ಹಿಂದೆ ಕೈಕಟ್ಟಿ ನಿಂತಿದ್ದ. ಕಾಕಾ ಬಂದವನು ಅಪ್ಪನಿಂದ ದೂರ, ಮೇಜಿನ ಆ ತುದಿಗೆ ನಿಂತ. ಇಬ್ಬರ ನಡುವೆ ಗೋದಲಿ. ಒಂಬತ್ತು ದಿನದಿಂದ ಅವರು ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ, ನಾನು ಎಣಿಸಿದ್ದೆ.

ಕಾಕಾ ಬಗ್ಗಿ ನೋಡಿದ. ‘ಲೇ ಸುಮಿ, ಇದು ನಮ್ಮ ಮಲ್ಯಾ ಅಲ್ಲೇನು?’

‘ಹೂಂ ಕಾಕಾ.’

‘ಮತ್ತ ಎಡಕ್ಕ ಯಾಕ ನಿಂದ್ರಿಸೀದಿ? ಮಲ್ಯಾ ಬಲಕ್ಕ ಹೂಡೂ ಎತ್ತು. ಎಡಕ್ಕ ಕಟ್ಟಿದ್ರ ಹೆಜ್ಜಿ ಎತ್ತೂದುಲ್ಲ ಅಂವ.’

ಗುಡಿಸಲಿನ ಹಿಂದಿನಿಂದ ಕೈ ಚಾಚಿ ಇಟ್ಟಿದ್ದೆನಲ್ಲ, ಎಡಬಲ ಅದಲುಬದಲಾಗಿತ್ತು. ಇಷ್ಟೆಲ್ಲ ಮಾಡಿ ಕಡೆಗೆ ಜೋಡಿಯನ್ನೇ ತಪ್ಪಾಗಿ ಹೂಡಿದ್ದೆ.

ಕಾಕಾ ಕೈ ಮುಂದೆ ಮಾಡಿದ. ‘ಮುಟ್ಟಬ್ಯಾಡೋ’ ಎಂದ ಅಪ್ಪ. ‘ಸಿಸ್ಟರ್ ಇಟ್ಟದ್ದು.’

ಕಾಕಾ ತಲೆ ಎತ್ತಿದ. ‘ತಪ್ಪ್ ನಿಂತಾವಲ್ಲ, ನಿನಗ ಕಾಣಲಿಲ್ಲನಣ್ಣಾ?’

‘ಕಂಡೇತಿ’ ಎಂದ ಅಪ್ಪ. ‘ಅದಕ್ಕ ಅಷ್ಟೊತ್ತಿಂದ ಅದನ್ನ ನೋಡಾಕತ್ತೀನಿ.’

ಸಿಸ್ಟರ್ ಲೂಸಿಗೆ ಏನು ಅರ್ಥವಾಯಿತೋ, ‘ಬದಲಿಸಿ, ಬದಲಿಸಿ, ನಮಗೆ ಗೊತ್ತಾಗುವುದಿಲ್ಲ ನೋಡಿ’ ಎಂದು ಹಿಂದೆ ಸರಿದರು. ಕಾಕಾ ಮಲ್ಯಾನನ್ನು ಎತ್ತಿದ. ಅಪ್ಪ ಬಸ್ಯಾನನ್ನು ಎತ್ತಿದ. ಅಣ್ಣತಮ್ಮಂದಿರು ಕೈಯಲ್ಲಿ ಒಂದೊಂದು ಎತ್ತು ಹಿಡಿದುಕೊಂಡು ಎದುರುಬದುರು ನಿಂತರು. ಆಮೇಲೆ ಅಪ್ಪ ಎಡಕ್ಕೆ ಬಸ್ಯಾನನ್ನು ಇಟ್ಟ. ಕಾಕಾ ಬಲಕ್ಕೆ ಮಲ್ಯಾನನ್ನು ಇಟ್ಟು, ಎರಡರ ಹೆಗಲೂ ಒಂದೇ ಸಮಕ್ಕೆ ಬರುವ ಹಾಗೆ ಬೆರಳಿನಿಂದ ಸ್ವಲ್ಪ ಹಿಂದೆ ದೂಡಿದ.

‘ಈಗ ಆತು’ ಎಂದಳು ಆಯಿ.

ಸಂಜೆ ಕಾಕಾ ಸೈಕಲ್ಲನ್ನು ಚಕ್ಕಡಿಯಲ್ಲಿ ಹಾಕಿ ನಮ್ಮ ಜೊತೆಗೇ ಬಂದ. ಎಲ್ಲ ಸರಿಹೋಯಿತು ಎಂದುಕೊಂಡೆ. ಹಾಗಾಗಲಿಲ್ಲ. ಹಿತ್ತಲಿನ ಒಲೆ ಆರಲಿಲ್ಲ.

ಜನವರಿಯಲ್ಲಿ ಸಿಸ್ಟರ್ ಎರಡೂ ಎತ್ತುಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಮರಳಿ ಕೊಟ್ಟರು. ಮಣ್ಣೆತ್ತನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ನೀರಿಗೆ ಬಿಡಬೇಕು. ಆಯಿಯ ಜೊತೆ ಬಾವಿಗೆ ಹೋದೆ. ಮೆಟ್ಟಿಲ ಮೇಲೆ ಕುಳಿತು, ಕಡೆಗೂ ಅವಳಿಗೆ ಎಲ್ಲ ಹೇಳಿಬಿಟ್ಟೆ: ಒಂದನ್ನೇ ಕೊಟ್ಟದ್ದು, ಸುಳ್ಳು ಹೇಳಿದ್ದು, ಅದಕ್ಕೇ ಮನೆ ಮುರಿಯುತ್ತಿರುವುದು.

ಆಯಿ ಬಿಸ್ಕೀಟಿನ ಡಬ್ಬಿಯ ಮುಚ್ಚಳ ತೆಗೆದಳು. ‘ಬ್ಯಾರೆ ಆಗೂ ಮಾತು ದಸರಾದಾಗ ಎದ್ದಿತ್ತಬೇ ಹುಚ್ಚಿ. ನಿನ್ನ ಮುಂದ ಯಾರೂ ಆಡಿರ್ಲಿಲ್ಲ ಅಷ್ಟ. ಮನಷ್ಯಾರು ಮಾಡಿದ್ದನ್ನ ಮಣ್ಣಿನ ಮ್ಯಾಲೆ ಯಾಕ ಹಾಕ್ತಿ?’

‘ಜೋಡಿ ಮುರೀತೈತಿ ಅಂತ ನೀನ ಅಂದಿದ್ದಿ.’

‘ಅಂದಿದ್ದೆ. ನಮ್ಮವ್ವ ಅಂತಿದ್ಲು, ನಾನೂ ಅಂದೆ. ಯಾಕ ಅಂತ ನಾನೂ ಒಮ್ಮೆ ಕೇಳಿದ್ದೆ ನೋಡು. ಒಂದ ಮಾಡಿದ್ರ ಅದಕ್ಕ ಬ್ಯಾಸರ ಆಗ್ತೈತಿ ಅಂದ್ಲು.’

ಎರಡನ್ನೂ ಮೆಟ್ಟಿಲ ಮೇಲಿನ ನೀರಿಗೆ ಬಿಟ್ಟೆವು. ಮೊದಲು ಕೋಡು ಮೆತ್ತಗಾದವು, ಆಮೇಲೆ ಹಿಣಿಲು. ಸ್ವಲ್ಪ ಹೊತ್ತಿಗೆ ಯಾವುದು ಬಸ್ಯಾ, ಯಾವುದು ಮಲ್ಯಾ ಎಂದು ನನಗೇ ತಿಳಿಯದಾಯಿತು. ನಾಲ್ಕು ಗುಲಗಂಜಿ ಮಾತ್ರ ಕಲ್ಲಿನ ಮೇಲೆ ಕೆಂಪಗೆ ಉಳಿದವು.

ಯುಗಾದಿ ಆದ ಮೇಲೆ ಊರ ಹಿರಿಯರು ಪಾಲು ಮಾಡಲು ನಮ್ಮ ನಡುಮನೆಯಲ್ಲಿ ಕುಳಿತರು. ಹೊಲ ಆಯಿತು, ಮನೆ ಆಯಿತು, ಹಂಡೆ ಕೊಪ್ಪರಿಗೆ ಆಯಿತು. ಬಾಗಿಲ ಮರೆಯಲ್ಲಿ ನಾನು ಅದೇ ಜಾಗದಲ್ಲಿ ನಿಂತಿದ್ದೆ.

‘ಇನ್ನ ಎತ್ತು’ ಎಂದರು ಒಬ್ಬ ಹಿರಿಯರು. ‘ಎರಡದಾವ. ಒಬ್ಬೊಬ್ಬರಿಗೆ ಒಂದೊಂದು. ಅದರಾಗೇನೈತಿ?’

ದನದ ಮನೆಯಿಂದ ಕೊರಳಗಂಟೆಯ ಸದ್ದು ಬಂತು, ಒಂದು, ಅದರ ಹಿಂದೆ ಇನ್ನೊಂದು.

‘ನಾ ಒಲ್ಲೆರಿ’ ಎಂದ ಕಾಕಾ. ‘ಬಲಗಡೆ ಎತ್ತು ಒಂದ ಹೊಡ್ಕೊಂಡು ಹೋಗಿ ನಾ ಏನ್ ಮಾಡ್ಲಿ? ಎಡಕ್ಕ ಯಾರನ್ನ ಹೂಡ್ಲಿ? ಜೋಡಿ ಇದ್ದಲ್ಲೇ ಇರ್ಲಿ. ಅಣ್ಣನೂ ಹೂಡ್ಲಿ, ನಾನೂ ಹೂಡ್ತೀನಿ.’

‘ಬಿತ್ತಿಗಿ ದಿನಾ ಮೊದಲ ಯಾರು? ಅದು ಜಗಳಕ್ಕ ಮೂಲ ಆಗ್ತೈತಿ ನೋಡ್ರಿ’ ಎಂದರು ಹಿರಿಯರು.

ಅಪ್ಪ ನೆಲ ನೋಡುತ್ತ ಹೇಳಿದ: ‘ಮೊದಲ ಅವನ ಹತ್ತೀನ ಬಿತ್ಲಿ.’

ಮನೆಯ ನಡುವೆ ಗೋಡೆ ಎದ್ದಿತು. ನಡುಮನೆಯನ್ನು ಸೀಳಿಕೊಂಡು, ಅಡುಗೆ ಮನೆಯನ್ನು ದಾಟಿಕೊಂಡು ಬಂದದ್ದು ದನದ ಮನೆಯ ಹೊಸ್ತಿಲಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಗೋಡೆ ಇರಲಿಲ್ಲ. ಗ್ವಾದಲಿ ಒಂದೇ ಇತ್ತು. ಒಂದು ಮಗ್ಗುಲಿನಿಂದ ಅವ್ವ, ಇನ್ನೊಂದು ಮಗ್ಗುಲಿನಿಂದ ಚಿಗವ್ವ ಮೇವು ಹಾಕಲು ಬರುತ್ತಿದ್ದರು, ಮೊದಮೊದಲು ಬೇರೆ ಬೇರೆ ಹೊತ್ತಿಗೆ, ಆಮೇಲೆ ಒಂದೇ ಹೊತ್ತಿಗೆ.

ಜೂನ್‌ನಲ್ಲಿ ಶಾಲೆ ತೆರೆದ ದಿನ ಅಪ್ಪ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಎಂಟನೆಯ ಇಯತ್ತೆಯ ಪುಸ್ತಕವಿಲ್ಲದ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ರಿಬ್ಬನ್ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತೆ. ಗೋಡೆಯ ಆಚೆ ಚಿಗವ್ವ ಪಾತ್ರೆ ತೊಳೆಯುವ ಸದ್ದು. ಬಾಗಿಲು ತೆರೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಡೆಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿಸಿತು. ‘ಏನ್ ಕುಂತೀಯಲೇ, ಹೊತ್ತಾತು, ಹೋಗೂಣು ಬಾ’ ಎಂದ ಕಾಕಾ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳ ಎತ್ತು ಸಿದ್ಧವಾಗಿತ್ತು. ಕಾಲು ಒಂದು ಗಿಡ್ಡ, ಇರಲಿ. ನಾನು ಕುಂಡದಿಂದ ಇನ್ನೊಂದು ಹಿಡಿ ಮಣ್ಣು ತೆಗೆದು ಅವಳ ಮುಂದಿಟ್ಟೆ.

‘ಚೀಟ್ಯಾಗ ಒಂದ ಅಂತ ಬರದಾರಲ್ಲ ಅಜ್ಜಿ. ಮಿಸ್ ಒಂದ ಸಾಕು ಅಂದ್ರ?’

‘ಯಾಕ ಎರಡು ಅಂತ ಹೇಳು’ ಎಂದೆ. ‘ಯಾವ ಭಾಷಾದಾಗ ಬರ್ತೈತಿ ಅದರಾಗ ಹೇಳು. ಸುಮ್ಮ ಎಸ್ ಮಿಸ್ ಅಂದು ಬರಬ್ಯಾಡ.’